ಮೊದಲು ಜೋಳಿಗೆ, ಆಮೇಲೆ ಪೆನ್ನು: ವಿಜಯಪುರದ ಕಡೆಯ ಹೊಸ ಬರಹಗಾರರಿಗೆ ಒಂದು ದಾರಿ

"ಸರ್, ಬರೀಬೇಕು ಅನ್ನಿಸ್ತದ. ಆದ್ರ ಏನ್ ಬರೀಬೇಕು ತಿಳಿವಲ್ದು."

ತಿಂಗಳಿಗೆ ಒಬ್ಬರಾದರೂ ನನಗೆ ಈ ಮಾತು ಹೇಳುತ್ತಾರೆ. ಹೆಚ್ಚಿನವರು ಕಾಲೇಜು ಹುಡುಗರು, ಹುಡುಗಿಯರು. ಕೆಲವರು ನೌಕರಿ ಮುಗಿಸಿ ಈಗಷ್ಟೇ ಮನೆಯಲ್ಲಿ ಕೂತವರು. ಎಲ್ಲರೂ ಹೊಸ ವಹಿ, ಹೊಸ ಪೆನ್ನು ತಂದಿಟ್ಟಿರುತ್ತಾರೆ. ಮೊದಲ ಪುಟದಲ್ಲಿ ಮನೆದೇವರ ಹೆಸರು ಇರುತ್ತದೆ. ಎರಡನೇ ಪುಟ ಖಾಲಿ.

ನಾನೂ ಹಾಗೇ ಶುರು ಮಾಡಿದವನು. ಸ್ಫೂರ್ತಿ ಬರಲಿ ಅಂತ ಎಷ್ಟೋ ಸಂಜೆ ಗೋಳಗುಮ್ಮಟದ ಮುಂದಿನ ಹುಲ್ಲಿನ ಮೇಲೆ ಕೂತಿದ್ದೇನೆ. ಬಂದದ್ದು ಶೇಂಗಾ ಮಾರುವ ಹುಡುಗ ಮಾತ್ರ.

ಆಮೇಲೆ ಒಂದು ವಿಷಯ ತಲೆಗೆ ಹೊಕ್ಕಿತು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕೆಲಸ ಮಾಡಿದವರು ಯಾರೂ ಸುಮ್ನೆ ಕಾಯುತ್ತ ಕೂತವರಲ್ಲ. ಫ.ಗು. ಹಳಕಟ್ಟಿಯವರು ಇಲ್ಲಿ ವಕೀಲರಾಗಿದ್ದರು. ಕೋರ್ಟಿನ ಕೆಲಸದ ಜೊತೆಗೆ ಊರೂರು ಅಲೆದು, ಮಠ–ಮನೆಗಳ ಜಂತಿಯಲ್ಲಿ ಧೂಳು ತಿನ್ನುತ್ತಿದ್ದ ತಾಳೆಗರಿಗಳನ್ನು ಕೂಡಿಹಾಕಿದರು. ಅದರಿಂದ 1923ರಲ್ಲಿ 'ವಚನಶಾಸ್ತ್ರಸಾರ' ಬಂತು. ಆಮೇಲೆ ಇದ್ದ ಮನೆಯನ್ನೂ ಮಾರಿ ಇದೇ ಊರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಅತ್ತ ಭೀಮಾ ತೀರದ ಕಡೆ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದ ಬರೆದುಕೊಂಡರು. 1931ರಲ್ಲಿ ಅದು 'ಗರತಿಯ ಹಾಡು' ಆಯಿತು.

ಇವರೆಲ್ಲ ಮೊದಲು ಜೋಳಿಗೆ ತುಂಬಿಸಿದರು. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ. ಕೂಡಿಹಾಕುವುದು ಮೊದಲು, ಬರೆಯುವುದು ನಡುವೆ, ಅಚ್ಚು ಹಾಕಿಸುವುದು ಕೊನೆಗೆ.

ಮೊದಲ ಹೆಜ್ಜೆ: ಕಿಸೆಯಲ್ಲಿ ಒಂದು ಸಣ್ಣ ವಹಿ

ದೊಡ್ಡ ವಹಿ ಬೇಡ. ಅದು ಮನೆಯಲ್ಲೇ ಉಳಿಯುತ್ತದೆ. ಅಂಗಿ ಕಿಸೆಗೋ ಚೀಲದ ಹೊರ ಖಾನೆಗೋ ಹಿಡಿಯುವಂಥದ್ದು ತಗೊಳ್ಳಿ. ಅದರಲ್ಲಿ ವಿಚಾರ ಬರೆಯಬೇಡಿ, ಕೇಳಿದ ಮಾತು ಬರೆಯಿರಿ. ಕೇಳಿದ ಹಾಗೇ ಬರೆಯಿರಿ. "ಕಂಡಕ್ಟರ್ ಸಿಟ್ಟಾದ" ಅಂತ ಬರೆದರೆ ನಾಳೆ ಅದರಿಂದ ಏನೂ ಹುಟ್ಟುವುದಿಲ್ಲ. ಅವನು ಏನಂದ, ಯಾವ ಪದ ಹಾಕಿದ, ಚಿಲ್ಲರೆಯನ್ನು ಕೈಗೆ ಕೊಟ್ಟನೋ ಸೀಟಿನ ಮೇಲೆ ಇಟ್ಟನೋ, ಅದು ಬೇಕು.

ನಮ್ಮ ಕಡೆ ಒಬ್ಬರ ಬಾಯಲ್ಲಿ "ಅದ" ಬರುತ್ತದೆ, ಇನ್ನೊಬ್ಬರ ಬಾಯಲ್ಲಿ "ಐತಿ" ಬರುತ್ತದೆ. ಕಥೆಯಲ್ಲಿ ಇವೆರಡನ್ನೂ ಒಬ್ಬನ ಬಾಯಿಗೆ ಹಾಕಿದರೆ ಓದುವವರಿಗೆ ಆ ಮನುಷ್ಯನ ಮೇಲೆ ನಂಬಿಕೆ ಬರುವುದಿಲ್ಲ. ಇಂಥದ್ದು ಗೊತ್ತಾಗೋದು ಕಿವಿಯಿಂದಲೇ.

ಕಿವಿಗೆ ಅಭ್ಯಾಸ ಮಾಡಿಸಲು ಒಳ್ಳೆಯ ಜಾಗ ಜಾತ್ರೆ. ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಒಂದು ಬೆಳಿಗ್ಗೆ ಹೋಗಿ. ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ ಅಡಿಯಲ್ಲಿ ಇಬ್ಬರು ಕೈ ಸೇರಿಸಿ ಬೆರಳು ಹಿಡಿದು ರೇಟು ಹೇಳುತ್ತಾರೆ. ಸುತ್ತ ಹತ್ತು ಮಂದಿ ನಿಂತಿದ್ದರೂ ಎಷ್ಟಕ್ಕೆ ಮಾತಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ನಾನು ಒಂದು ಕಥೆಯಲ್ಲಿ "ಎತ್ತು ಕೊಂಡ" ಅಂತ ಎರಡೇ ಪದದಲ್ಲಿ ಮುಗಿಸಿದ್ದೆ. ಆ ಟವೆಲ್ ನೋಡಿದ ಮೇಲೆ ಆ ಎರಡು ಪದ ಎರಡು ಪುಟ ಆಯಿತು.

ಅದಾದ ಮೇಲೆ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ಅಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಠಿಕಾಣಿ ಹೂಡುತ್ತವೆ. ಮಾತು ಬರೆಯಲು ಕಲಿಯಬೇಕು ಅನ್ನುವವರು ಒಂದು ನಾಟಕವನ್ನಾದರೂ ರಂಗದ ಕಡೆ ನೋಡದೆ ಜನರ ಕಡೆ ನೋಡುತ್ತ ಕೂರಬೇಕು. ಯಾವ ಮಾತಿಗೆ ನಕ್ಕರು, ಯಾವ ಮಾತಿಗೆ ಶೇಂಗಾ ಸಿಪ್ಪೆ ಬಿಡಿಸುತ್ತ ಕೂತರು, ಬರೆದುಕೊಳ್ಳಿ.

ಎರಡನೇ ಹೆಜ್ಜೆ: ಈಗಾಗಲೇ ದುಡ್ಡು ಕೊಟ್ಟಿರುವ ಗ್ರಂಥಾಲಯ

ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಅದನ್ನೂ ತಗೊಳ್ಳುತ್ತಾರೆ. ಅಂದರೆ ಒಳಗೆ ಹೋಗದಿದ್ದರೂ ನೀವು ಪ್ರತಿ ವರ್ಷ ದುಡ್ಡು ಕಟ್ಟುತ್ತಲೇ ಇದ್ದೀರಿ. ಹಾಗಿದ್ದ ಮೇಲೆ ಹೋಗಿ ಕೂರಲು ಏನು ಸಂಕೋಚ?

ಸದಸ್ಯರಾಗಲು ವಿಳಾಸದ ಪುರಾವೆ, ಫೋಟೋ, ಸ್ವಲ್ಪ ಠೇವಣಿ ಸಾಕು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. ಈಗ ಅದರ ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತ ಬರೆದಿರುತ್ತದೆ. ಮೊಬೈಲಿನಲ್ಲಿ ಓದುವವರಿಗೆ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಉಚಿತ.

ಒಳಗೆ ಹೋದ ಮೇಲೆ ಸೀದಾ ಕಾದಂಬರಿ ಕಪಾಟಿಗೆ ಹೋಗುತ್ತೇವೆ, ಅಲ್ವಾ? ಅದು ತಪ್ಪಲ್ಲ. ಆದರೆ ಬರೆಯುವವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಪರಾಮರ್ಶನ ವಿಭಾಗ. ನಿಘಂಟು, ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಬಗ್ಗೆ ಸರ್ಕಾರ ಬರೆಸಿದ ಮಾಹಿತಿ ಪುಸ್ತಕ), ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ ಎಲ್ಲ ಅಲ್ಲಿರುತ್ತವೆ. ಸ್ಮರಣ ಸಂಚಿಕೆ ಅಂದರೆ ಮೂಗು ಮುರಿಯಬೇಡಿ. 2013ರಲ್ಲಿ ನಮ್ಮೂರಲ್ಲಿ 79ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಅಂಥ ಸಮ್ಮೇಳನ ನಡೆದ ಕಡೆಯೆಲ್ಲ ಸ್ಥಳೀಯ ವಿಷಯದ ಲೇಖನಗಳು ಒಂದೇ ಕಡೆ ಸಿಗುವಂಥ ಸಂಚಿಕೆ ಹೊರಬರುವುದು ವಾಡಿಕೆ. ಊರಿನ ಕೆರೆ, ಬಾವಿ, ಗರಡಿಮನೆ ಬಗ್ಗೆ ಬೇರೆ ಪುಸ್ತಕ ಹುಡುಕಿ ಸುಸ್ತಾದವರಿಗೆ ಇದು ಆಸರೆ.

ಒಂದು ಎಚ್ಚರಿಕೆ. ಒಂದು ಗ್ರಂಥಾಲಯದಲ್ಲಿ ನಾನು ನಿಘಂಟಿನ ಸಂಪುಟ ಕೇಳಿದಾಗ "ಕಪಾಟಿನ ಕೀಲಿ ಸಾಹೇಬ್ರ ಹತ್ರ ಅದ, ಸಾಹೇಬ್ರು ಮೀಟಿಂಗ್‌ದಾಗ ಅದಾರ" ಅಂದರು. ಮೂರು ಸಲ ಹೋದೆ, ಮೂರು ಸಲವೂ ಮೀಟಿಂಗ್. ನಾಲ್ಕನೇ ಸಲ ಒಂದು ಹಾಳೆಯಲ್ಲಿ ಪುಸ್ತಕದ ಹೆಸರು, ಯಾಕೆ ಬೇಕು, ಯಾವ ದಿನ ಬರುತ್ತೇನೆ ಅಂತ ಬರೆದು ಕೊಟ್ಟೆ. ಆ ದಿನ ಕೀಲಿ ಸಿಕ್ಕಿತು. ಕಾಗದಕ್ಕೆ ನಮ್ಮಲ್ಲಿ ಇನ್ನೂ ಬೆಲೆ ಇದೆ. ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಾಲಯಕ್ಕೆ ಹೊರಗಿನವರಾಗಿ ಹೋಗುವಾಗಲೂ ಇದೇ ಉಪಾಯ ಮಾಡಿ.

ಮೂರನೇ ಹೆಜ್ಜೆ: ಹಳಕಟ್ಟಿಯವರ ಬಾಗಿಲು

ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ 1910ರಲ್ಲಿ ಶುರುವಾಗಲು ಹಳಕಟ್ಟಿಯವರೇ ಕಾರಣ. ಅದೇ ಸಂಸ್ಥೆಯಲ್ಲಿ ಈಗ ಅವರ ಹೆಸರಿನ ಸಂಶೋಧನಾ ಕೇಂದ್ರ ಇದೆ. ವಚನ, ಹಸ್ತಪ್ರತಿ, ಆದಿಲ್‌ಶಾಹಿ ಚರಿತ್ರೆ, ಈ ಯಾವುದರಲ್ಲಿ ಆಸಕ್ತಿ ಇದ್ದರೂ ಒಮ್ಮೆ ಹೋಗಿ ಬನ್ನಿ. ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗುವುದು ಮೇಲು.

ಮನೆಯಲ್ಲಿ ಕೂತು ಮಾಡುವ ಕೆಲಸವೂ ಇದೆ. ವಚನ ಸಂಚಯ ಅನ್ನುವ ಜಾಲತಾಣದಲ್ಲಿ ಸಾವಿರಾರು ವಚನಗಳಲ್ಲಿ ಪದ ಹುಡುಕಬಹುದು. ಒಂದು ಪದ ಹಾಕಿದರೆ ಯಾವ ಶರಣರು ಅದನ್ನು ಎಲ್ಲಿ ಬಳಸಿದ್ದಾರೆ ಅಂತ ಸಾಲಾಗಿ ಬರುತ್ತದೆ. ದೊಡ್ಡ ಪದ ಹಾಕಬೇಡಿ. ಭಕ್ತಿ, ಜ್ಞಾನ ಅಂತ ಹುಡುಕಿದರೆ ಮುಗಿಯುವುದೇ ಇಲ್ಲ. ಮೊರ, ಒರಳು, ಹಗ್ಗ, ಸೂಜಿ ಇಂಥವು ಹಾಕಿ. ಅಂಬಿಗ, ಮಡಿವಾಳ, ಕಟ್ಟಿಗೆ ಮಾರುವವ, ನೂಲುವವಳು ಎಲ್ಲರೂ ಬರೆದ ಸಾಹಿತ್ಯ ಅದು. ಅವರು ಕೈಯಲ್ಲಿ ಹಿಡಿದ ಸಾಮಾನೇ ಮಾತಿನೊಳಗೂ ಬಂದಿದೆ. ನೀವು ಮಾಡುವ ಕೆಲಸದ ಹತ್ತು ಸಾಮಾನಿನ ಹೆಸರು ಬರೆದು, ಒಂದೊಂದರ ಮೇಲೂ ಐದು ಸಾಲು ಬರೆಯಿರಿ. ನನ್ನ ಗೆಳೆಯ ಒಬ್ಬ ಮೋಟಾರ್ ವೈಂಡಿಂಗ್ ಅಂಗಡಿಯವನು. ತಾಮ್ರದ ತಂತಿಯ ಮೇಲೆ ಅವನು ಬರೆದ ಐದು ಸಾಲು ನಾನು ಪ್ರೀತಿಯ ಮೇಲೆ ಬರೆದ ಐವತ್ತು ಕವಿತೆಗಿಂತ ಚೆನ್ನಾಗಿತ್ತು. ಅವನಿಗೆ ಇದನ್ನು ಇನ್ನೂ ಹೇಳಿಲ್ಲ.

ನಾಲ್ಕನೇ ಹೆಜ್ಜೆ: ಬಾಯಲ್ಲಿರುವ ಪುಸ್ತಕ

ಈ ಹೆಜ್ಜೆಗೆ ಜಾಸ್ತಿ ಹೊತ್ತು ಕೊಡಿ. ಗ್ರಂಥಾಲಯದ ಪುಸ್ತಕ ಹತ್ತು ವರ್ಷ ಬಿಟ್ಟು ಹೋದರೂ ಅಲ್ಲೇ ಇರುತ್ತದೆ. ಹಾಡುವ ಅಜ್ಜಿ ಇರುವುದಿಲ್ಲ.

ನಮ್ಮ ಕಡೆ ಏನಿಲ್ಲ ಹೇಳಿ. ಬೀಸುವ ಪದ, ಹಂತಿ ಪದ, ಸೋಬಾನ, ಡೊಳ್ಳಿನ ಪದ, ಚೌಡಕಿ ಪದ, ಗೀಗಿ ಪದ, ಮೊಹರಮ್ಮಿನ ರಿವಾಯತ್ ಪದ, ಶ್ರೀಕೃಷ್ಣ ಪಾರಿಜಾತ. ಕಣದಲ್ಲಿ ಎತ್ತು ತುಳಿಸಿ ಕಾಳು ಬಿಡಿಸುವ ಹಂತಿ ಈಗ ಇಲ್ಲ, ಮಷೀನು ಬಂದಿದೆ. ಆದರೆ ಹಂತಿ ಹೊಡೆದವರು ಇದ್ದಾರೆ.

ನಾನು ಮೊದಲ ಸಲ ಹೋದದ್ದು ಇಂಡಿ ಕಡೆಯ ಒಂದು ಹಳ್ಳಿಗೆ. ಗೆಳೆಯನ ಆಯಿಗೆ, ಅಂದರೆ ಅಜ್ಜಿಗೆ, ನೂರಾರು ಪದ ಬರುತ್ತವೆ ಅಂತ ಕೇಳಿದ್ದೆ. ಕುರ್ಚಿ ಹಾಕಿ ಕೂಡ್ರಿಸಿ, ಮುಂದೆ ಮೊಬೈಲ್ ಇಟ್ಟು, "ಆಯಿ, ಹಾಡು" ಅಂದೆ. ಆಯಿ ಸೆರಗು ಸರಿಮಾಡಿಕೊಂಡಳು, ಕೆಮ್ಮಿದಳು, ಎರಡು ಪದ ಹಾಡಿ ನಿಂತುಬಿಟ್ಟಳು. "ಮರತೀನೋ ತಮ್ಮಾ" ಅಂದಳು. ನಾನು ನಿರಾಸೆಯಿಂದ ಚಹಾ ಕುಡಿಯುತ್ತಿದ್ದೆ. ಅಷ್ಟರಲ್ಲಿ ಅವಳೇ ಅಂದಳು, "ಕೈಯಾಗ ಗೂಟ ಇಲ್ದ ಹಾಡ ಹ್ಯಾಂಗ ಬರತಾವ?"

ಹಿತ್ತಲಲ್ಲಿ ಬೀಸುವ ಕಲ್ಲು ಬಿದ್ದಿತ್ತು, ಅದರ ಮೇಲೆ ಕೋಳಿ ಕೂತಿತ್ತು. ಗೆಳೆಯನೂ ನಾನೂ ಸೇರಿ ಅದನ್ನು ಪಡಸಾಲೆಗೆ ತಂದು ತೊಳೆದು, ಗೂಟ ಬಡಿದು, ಒಂದು ಸೇರು ಜೋಳ ಮುಂದಿಟ್ಟೆವು. ಆಯಿ ಒಂದು ಕಾಲು ಚಾಚಿ ಕೂತಳು. ಕಲ್ಲು ತಿರುಗಿತು. ಮುಂದಿನ ಒಂದೂವರೆ ಗಂಟೆ ನಾವು ಬಾಯಿ ಬಿಡಲಿಲ್ಲ. ಪದ ಅವಳ ತಲೆಯಲ್ಲಿ ಇರಲಿಲ್ಲ, ರಟ್ಟೆಯಲ್ಲಿತ್ತು.

ಆ ದಿನದಿಂದ ನಾನು ಪಾಲಿಸುವ ಪದ್ಧತಿ ಇದು:

ಯಾವ ಹಾಡು ಯಾವ ಕೆಲಸದ್ದೋ ಆ ಕೆಲಸ ಮಾಡಿಸಿ, ಅಥವಾ ಕೈಗೆ ಆ ಸಾಮಾನು ಕೊಡಿ. ತೊಟ್ಟಿಲ ಪದಕ್ಕೆ ತೊಟ್ಟಿಲು, ರಾಶಿ ಪದಕ್ಕೆ ಮೊರ.

ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಒಳ್ಳೆಯ ಪದದ ನಡುವೆ ಸಾಲ ಬೇಕಾ ಅಂತ ಕಾಲ್ ಬಂದು ನನ್ನ ರೆಕಾರ್ಡಿಂಗ್ ನಿಂತಿದೆ. ಶುರುವಿಗೆ ನಿಮ್ಮ ದನಿಯಲ್ಲೇ ಊರು, ದಿನಾಂಕ, ಹಾಡುವವರ ಹೆಸರು, ವಯಸ್ಸು ಹೇಳಿ. ಫೈಲಿನ ಹೆಸರು ಮರೆತರೂ ಇದು ಉಳಿಯುತ್ತದೆ.

ಕೇಳದೆ ರೆಕಾರ್ಡ್ ಮಾಡಬೇಡಿ. ಮುಂದೆ ಅಚ್ಚು ಹಾಕಿಸುವ ವಿಚಾರ ಇದ್ದರೆ ಅದನ್ನೂ ಮೊದಲೇ ಹೇಳಿ, ಅವರ ಹೆಸರು ಹಾಕಬೇಕೋ ಬೇಡವೋ ಅಂತ ಅವರನ್ನೇ ಕೇಳಿ. ಬರಿಗೈಯಲ್ಲಿ ಹೋಗಬೇಡಿ, ಎಲೆ–ಅಡಿಕೆ ಆದರೂ ಇರಲಿ.

ಅದೇ ರಾತ್ರಿ ಕಾಗದಕ್ಕೆ ಇಳಿಸಿ. ಇಳಿಸಿದ್ದನ್ನು ಮತ್ತೆ ಅವರ ಮುಂದೆ ಓದಿ. ಇದನ್ನು ಬಿಡಲೇಬಾರದು. ನಾನು ಒಂದು ಪದದಲ್ಲಿ "ಚೊಕ್ಕ ಹಾಕಿ" ಅಂತ ಬರೆದಿದ್ದೆ. ಹದಿನೈದು ದಿನ ಬಿಟ್ಟು ಹೋಗಿ ಓದಿದೆ. ಆಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಚೊಕ್ಕ ಅಲ್ಲೋ ಹುಚ್ಚಪ್ಪಾ, ಮುಕ್ಕ. ಕಲ್ಲಿನ ಬಾಯಾಗ ಹಾಕೂ ಹಿಡಿ ಜ್ವಾಳಕ್ಕ ಮುಕ್ಕ ಅಂತಾರ." ಮನೆಗೆ ಬಂದು ನಿಘಂಟು ತೆಗೆದರೆ ಮುಕ್ಕು ಅನ್ನುವ ಪದಕ್ಕೆ ಆ ಅರ್ಥ ಇತ್ತು. ಕಲ್ಲಿಗೂ ಬಾಯಿ ಇದೆ, ಅದೂ ಮುಕ್ಕುತ್ತದೆ. ಗಿರಣಿ ಹಿಟ್ಟು ತಿಂದು ಬೆಳೆದ ನನ್ನ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಐದನೇ ಹೆಜ್ಜೆ: ಕಲ್ಲಿನ ಮೇಲೆ ಬರೆದದ್ದು, ಸರ್ಕಾರ ಬರೆದದ್ದು

ಆಯಿ ಹಾಡಿದ್ದು ತ್ರಿಪದಿ, ಮೂರು ಸಾಲಿನ ಪದ. ಅದೇ ಮೂರು ಸಾಲಿನ ಅಚ್ಚು ಕ್ರಿ.ಶ. 700ರ ಸುಮಾರಿಗೆ ಬಾದಾಮಿಯ ಬಂಡೆಯ ಮೇಲೆ ಇದೆ. ಅದು ಕಪ್ಪೆ ಅರಭಟ್ಟನ ಶಾಸನ. ಒಳ್ಳೆಯವನಿಗೆ ಒಳ್ಳೆಯವನು, ಕೆಟ್ಟವನಿಗೆ ಕಲಿಗಾಲದಂಥವನು ಅಂತ ಒಬ್ಬ ಗಂಡಸಿನ ಬಗ್ಗೆ ಕಡೆದು ಬರೆದ ಮಾತು. ವಿಜಯಪುರದಿಂದ ಗದಗಿನ ಕಡೆ ಹೋಗುವ ರೈಲು ಹತ್ತಿದರೆ ಬಾದಾಮಿಯಲ್ಲಿ ಇಳಿಯಬಹುದು. ಎಲ್ಲರೂ ಗುಹೆ ನೋಡಿ, ಫೋಟೋ ತೆಗೆಸಿ, ಮಂಗಗಳಿಗೆ ಬೈದು ವಾಪಸ್ಸು ಬರುತ್ತಾರೆ. ನೀವು ಅಗಸ್ತ್ಯತೀರ್ಥದ ಹತ್ತಿರದ ಬಂಡೆಯ ಮೇಲಿನ ಈ ಶಾಸನ ಎಲ್ಲಿದೆ ಅಂತ ಅಲ್ಲಿಯವರನ್ನು ಕೇಳಿಕೊಂಡು ಹೋಗಿ. ಲಿಪಿ ಓದಲು ಬರದಿದ್ದರೂ ಪರವಾಗಿಲ್ಲ. ಪಾಠವನ್ನು ಮೊದಲೇ ಬರೆದುಕೊಂಡು ಹೋಗಿ ಅದರ ಮುಂದೆ ನಿಂತು ಗಟ್ಟಿಯಾಗಿ ಓದಿ. ಆಮೇಲೆ ಆಯಿಯ ರೆಕಾರ್ಡಿಂಗ್ ಹಾಕಿ ಕೇಳಿ. ನನಗೆ ಛಂದಸ್ಸಿನ ಪಾಠ ತಲೆಗೆ ಹತ್ತಿದ್ದು ಕಾಲೇಜಿನಲ್ಲಿ ಅಲ್ಲ, ಅಲ್ಲಿ.

ಹಾಗೇ ಐಹೊಳೆಯ ಮೇಗುತಿಯಲ್ಲಿ 634ರ ರವಿಕೀರ್ತಿಯ ಶಾಸನ ಇದೆ. ಅದು ಸಂಸ್ಕೃತ. ಊರಲ್ಲೇ ಇರುವವರು ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಶುಕ್ರವಾರ ಬಿಟ್ಟು ಹೋಗಿ. ಶಾಸನಗಳ ಪಾಠ ಬೇಕಾದರೆ ದಕ್ಷಿಣ ಭಾರತದ ಶಾಸನ ಸಂಪುಟಗಳಲ್ಲಿ ಬಾಂಬೆ ಕರ್ನಾಟಕದ ಶಾಸನಗಳಿಗೇ ಬೇರೆ ಸಂಪುಟಗಳಿವೆ.

ಇನ್ನು ಸರ್ಕಾರ ಬರೆದದ್ದು. 1884ರಲ್ಲಿ ಬ್ರಿಟಿಷರು ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ವಿಜಾಪುರ ಸಂಪುಟ ಹೊರತಂದರು. ಅದು 23ನೇ ಸಂಪುಟ. ಬೆಳಗಾವಿಯದು 21ನೇದು. ಹಳೆಯ ಪುಸ್ತಕಗಳು ಸಿಗುವ ಜಾಲತಾಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬಾಗಲಕೋಟೆಯವರು ವಿಜಾಪುರದ ಸಂಪುಟವನ್ನೇ ನೋಡಬೇಕು, ಯಾಕೆಂದರೆ ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಜಮಖಂಡಿ, ಮುಧೋಳ ಆಗ ಸಂಸ್ಥಾನಗಳಾಗಿದ್ದರಿಂದ ಇದರಲ್ಲಿ ಇಲ್ಲ.

ಇಂಗ್ಲಿಷ್ ಸ್ವಲ್ಪ ಬಿಗಿ. ಬರೆದವರ ನೋಟವೂ ಆಳುವವರದ್ದು, ಜನರ ಬಗ್ಗೆ ಕೆಲವು ಮಾತು ಓದಿದರೆ ಮೈ ಉರಿಯುತ್ತದೆ. ಆದರೂ ಯಾವ ಊರಿನ ಸಂತೆ ಯಾವ ವಾರ, ಮನೆಯಲ್ಲಿ ಏನೇನು ಸಾಮಾನು, ಮಳೆ ಎಷ್ಟು ಅನ್ನುವುದೆಲ್ಲ ಸಿಗುತ್ತದೆ. 1876ರಿಂದ 78ರವರೆಗಿನ ದೊಡ್ಡ ಬರದ ಭಾಗವನ್ನು ಓದಿ. ಆಮೇಲೆ ಮನೆಯ ಹಿರಿಯರಿಗೆ ಬರದ ಬಗ್ಗೆ ಏನು ಕೇಳಿದ್ದೀರಿ ಅಂತ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಥೆ ತಾನೇ ಎದ್ದು ಕೂರುತ್ತದೆ.

ಮನೆಯಲ್ಲಿ ಅಜ್ಜನ ಕಾಲದ ಕಾಗದ ಇದ್ದರೆ, ಅಕ್ಷರ ತಿಳಿಯದಿದ್ದರೂ ರದ್ದಿಗೆ ಹಾಕಬೇಡಿ. ಅದು ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಇರಬಹುದು. ನಮ್ಮ ಭಾಗದಲ್ಲಿ ಲೆಕ್ಕಪತ್ರ ಹಾಗೇ ಬರೆಯುತ್ತಿದ್ದರು. ರದ್ದಿ ಅಂಗಡಿಗೆ ನೀವು ಹೋಗಬೇಕಾದದ್ದು ಕೊಡಲು ಅಲ್ಲ, ತರಲು. ಪರೀಕ್ಷೆ ಮುಗಿದ ಮೇಲೆ, ದಸರಾ–ದೀಪಾವಳಿಗೆ ಮನೆ ಸ್ವಚ್ಛ ಮಾಡಿದ ಮೇಲೆ ಹೋಗಿ. ಹಳೆಯ ಮಾಸಿಕಗಳು ಕಿಲೋ ಲೆಕ್ಕದಲ್ಲಿ ಸಿಗುತ್ತವೆ.

ಬಾಗಲಕೋಟೆಯವರಿಗೆ ಇನ್ನೊಂದು ಮಾತು. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಒಂದಷ್ಟು ಭಾಗ ಹೋಗಿ, ನವನಗರ ಎದ್ದಿತು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಮುಳುಗಡೆಯ ನೋಟಿಸು, ಪರಿಹಾರದ ಕಾಗದ, ಹಳೆ ಮನೆಯ ಫೋಟೋ ಇನ್ನೂ ಮನೆಮನೆಯ ಟ್ರಂಕಿನಲ್ಲಿವೆ. ವಿಷಯ ಸಿಗುತ್ತಿಲ್ಲ ಅಂತ ಅಲ್ಲಿಯವರು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಆರನೇ ಹೆಜ್ಜೆ: ಸಲಕರಣೆ

ನಿಘಂಟು ಬೇಕೇ ಬೇಕು. ನಮ್ಮ ಭಾಗದ ಹಳೆಯ ಪದಗಳಿಗೆ 1894ರ ಕಿಟೆಲ್ ನಿಘಂಟು ಇನ್ನೂ ಒಳ್ಳೆಯ ಜೊತೆಗಾರ. ಪದದ ಜೊತೆ ಗಾದೆಗಳೂ ಸಿಗುತ್ತವೆ, ಅದೂ ಆರ್ಕೈವ್‌ನಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಗ್ರಂಥಾಲಯದಲ್ಲಿ ನೋಡಿ. ಮೊಬೈಲಿಗೆ ಅಲರ್ ಸಾಕು, ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಮಾಡಿದ ಕನ್ನಡ–ಇಂಗ್ಲಿಷ್ ಕೋಶ ಅದು, ಎಲ್ಲರಿಗೂ ಮುಕ್ತವಾಗಿದೆ.

ಟೈಪಿಂಗ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ಕಥೆಯನ್ನು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಒಂದು ಪತ್ರಿಕೆಗೆ ಮೇಲ್ ಮಾಡಿದೆ. ಆರು ತಿಂಗಳು ಕಾದೆ. ಕಥೆ ಚೆನ್ನಾಗಿಲ್ಲ ಅಂದುಕೊಂಡು ಸುಮ್ಮನಾದೆ. ಆಮೇಲೆ ಒಂದು ದಿನ ಅದೇ ಫೈಲನ್ನು ತಂಗಿಯ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಬ್ರ್ಯಾಕೆಟ್ಟು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂಡ್ರಿಸುತ್ತವೆ. ಆ ಫಾಂಟು ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, ಎಲ್ಲಿ ತೆರೆದರೂ ಕನ್ನಡವೇ.

ಹಾಗಾಗಿ ಯೂನಿಕೋಡಿನಲ್ಲೇ ಬರೆಯಿರಿ. ಮೊಬೈಲಿನ ಕನ್ನಡ ಕೀಲಿಮಣೆ ಯೂನಿಕೋಡೇ. ಹಳೆಯ ಫೈಲ್ ಇದ್ದರೆ ಬದಲಾಯಿಸಿಕೊಡುವ ಪರಿವರ್ತಕಗಳು ಆನ್‌ಲೈನಿನಲ್ಲಿ ಪುಕ್ಕಟೆ ಇವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಿಟ್ಟು ನೋಡಿ, ಅಲ್ಲೇ ತಪ್ಪಾಗುವುದು. ಮಾತಾಡಿ ಟೈಪ್ ಮಾಡುವ ಸೌಲಭ್ಯವೂ ಚೆನ್ನಾಗಿದೆ. ಆದರೆ ಅದಕ್ಕೆ ನಮ್ಮ ವಿಜಾಪುರದ ಮಾತು ಅರ್ಥವಾಗುವುದು ಕಷ್ಟ. "ಹೊಂಟೀನಿ" ಅಂದರೆ ಏನೇನೋ ಬರೆಯುತ್ತದೆ.

ಏಳನೇ ಹೆಜ್ಜೆ: ನಾಲ್ಕು ಮಂದಿ

ಹಲಸಂಗಿಯವರು ಗೆಳೆಯರಾಗಿದ್ದರು, ಅದೇ ಅವರ ಬಲ. ನಿಮಗೂ ನಾಲ್ಕು ಮಂದಿ ಬೇಕು. ಹತ್ತು ಬೇಡ, ಹತ್ತಾದರೆ ಅಧ್ಯಕ್ಷರು, ಕಾರ್ಯದರ್ಶಿ ಹುಟ್ಟುತ್ತಾರೆ.

ಗೆಳೆಯರು ಸಿಗುವ ಜಾಗ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದ ಕಾರ್ಯಕ್ರಮ, ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ. ಹತ್ತೂವರೆಗೆ ಅಂತ ಹಾಕಿದ ಕಾರ್ಯಕ್ರಮ ಹನ್ನೆರಡಕ್ಕೆ ಶುರುವಾಗುತ್ತದೆ. ಶಾಲು, ಹಾರ, ಫಲತಾಂಬೂಲ ಮುಗಿಯುವಷ್ಟರಲ್ಲಿ ಊಟದ ಹೊತ್ತು. ನಿಮಗೆ ಬೇಕಾದವರು ಹಿಂದಿನ ಸಾಲಿನಲ್ಲಿ ಕೂತು ಪುಸ್ತಕ ಓದುತ್ತಿರುತ್ತಾರೆ. ಚಹಾದ ಹೊತ್ತಿಗೆ ಅವರನ್ನು ಹಿಡಿಯಿರಿ.

ನಾವು ನಾಲ್ವರು ತಿಂಗಳಿಗೊಮ್ಮೆ ಸೇರುತ್ತೇವೆ. ನಿಯಮ ಒಂದೇ. ಬರೆದವನು ಓದಬಾರದು, ಇನ್ನೊಬ್ಬ ಗಟ್ಟಿಯಾಗಿ ಓದಬೇಕು. ಅವನು ಎಲ್ಲಿ ತಡವರಿಸಿದನೋ ಅಲ್ಲಿ ವಾಕ್ಯ ಸರಿ ಇಲ್ಲ. "ಚಲೋ ಅದ" ಅನ್ನುವ ಮಾತನ್ನು ನಿಷೇಧ ಮಾಡಿದ್ದೇವೆ.

ಆರು ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗುತ್ತೇವೆ. ಅಲ್ಲಿ 1890ರಲ್ಲಿ ಶುರುವಾದ ವಿದ್ಯಾವರ್ಧಕ ಸಂಘ ಇದೆ, 1933ರಿಂದ ಪುಸ್ತಕ ಪ್ರಕಟಿಸುತ್ತಿರುವ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಬರುವಾಗ ಚೀಲ ಭಾರ, ಕಿಸೆ ಹಗುರ.

ಎಂಟನೇ ಹೆಜ್ಜೆ: ಕಳಿಸುವುದು, ಅಚ್ಚು ಹಾಕಿಸುವುದು

ಮೊದಲು ಪತ್ರಿಕೆಗಳಿಗೆ ಕಳಿಸಿ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳ ಪ್ರಕಟಣೆ ಮಳೆಗಾಲದಲ್ಲಿ ಬರುತ್ತದೆ, ಪೇಪರಿನ ಮೇಲೆ ಕಣ್ಣಿರಲಿ. ಪದಗಳ ಮಿತಿ ಕೊಟ್ಟಿದ್ದರೆ ಅದನ್ನು ಮೀರಬೇಡಿ. ಒಂದೇ ಕಥೆಯನ್ನು ನಾಲ್ಕು ಕಡೆ ಕಳಿಸಬೇಡಿ.

ಬೇರೆಯವರ ಬರಹ ಬಳಸುವಾಗ ಹಕ್ಕುಸ್ವಾಮ್ಯ ನೋಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮಧುರಚೆನ್ನರು ತೀರಿಕೊಂಡದ್ದು 1953ರಲ್ಲಿ, ಅವರ ಬರಹ ಮುಕ್ತವಾಗಿದೆ. ಹಳಕಟ್ಟಿಯವರು 1964ರಲ್ಲಿ, ಲೆಕ್ಕದ ಪ್ರಕಾರ 2025ರ ಜನವರಿಯಿಂದ ಮುಕ್ತ. ಸಿಂಪಿ ಲಿಂಗಣ್ಣನವರು 1993ರವರೆಗೆ ಇದ್ದರು, ಹಾಗಾಗಿ ಅವರ ಸ್ವಂತ ಬರಹಕ್ಕೆ ಅನುಮತಿ ಬೇಕು. ಹನ್ನೆರಡನೇ ಶತಮಾನದ ವಚನಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಈಗಿನ ಸಂಪಾದಕರು ಬರೆದ ಟಿಪ್ಪಣಿ, ಅರ್ಥ ಅವರದ್ದು.

ಪುಸ್ತಕದ ಮಾತಿಗೆ ಬಂದರೆ, ಆತುರ ಬೇಡ. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ವಯಸ್ಸಿನ ಮಿತಿ, ಕೊನೆಯ ದಿನಾಂಕ ನೋಡಿ ಹಾಕಿ. ಸ್ವಂತ ಖರ್ಚಿನಲ್ಲಿ ಮಾಡಿಸುವವರು ಗದಗದಲ್ಲೂ ವಿಚಾರಿಸಿ, ಮುದ್ರಣಕ್ಕೆ ಮೊದಲಿನಿಂದ ಹೆಸರಾದ ಊರು ಅದು. ಪ್ರೆಸ್ಸಿನವರು ಫಾರ್ಮ್ ಲೆಕ್ಕದಲ್ಲಿ ಮಾತಾಡುತ್ತಾರೆ. ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರ್ಮ್. 48 ಪುಟ ಅಂದರೆ ಮೂರು ಫಾರ್ಮ್ ಸರಿಯಾಗಿ ಕೂರುತ್ತದೆ. 50 ಪುಟ ಮಾಡಿದರೆ ಆ ಎರಡು ಪುಟಕ್ಕಾಗಿ ಸುಮ್ನೆ ಖರ್ಚು. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ನಂಬರಿಗೆ ನಮ್ಮಲ್ಲಿ ಶುಲ್ಕ ಇಲ್ಲ, ಆನ್‌ಲೈನಿನಲ್ಲಿ ನೀವೇ ಅರ್ಜಿ ಹಾಕಬಹುದು. ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಅದು ಅವರ ಓಡಾಟದ ದುಡ್ಡು.

ಪ್ರೂಫ್ ಮಾತ್ರ ನೀವೊಬ್ಬರೇ ನೋಡಬೇಡಿ. ಬರೆದವನ ಕಣ್ಣು ತಪ್ಪನ್ನೂ ಸರಿ ಅಂತಲೇ ಓದುತ್ತದೆ.

ನಾನು ಕೂಡಿಹಾಕಿದ ಪದಗಳದ್ದು ಮೂರು ಫಾರ್ಮಿನ ಪುಸ್ತಕ ಆಯಿತು. ಎರಡು ಪ್ರತಿ ಆ ಊರಿನ ಅರಿವು ಕೇಂದ್ರಕ್ಕೆ ಕೊಟ್ಟು, ರಿಜಿಸ್ಟರಿನಲ್ಲಿ ನಂಬರ್ ಹಾಕಿಸಿ, ಅಲ್ಲಿಂದ ಆಯಿಯ ಮನೆಗೆ ಹೋದೆ. ಅವಳಿಗೆ ಓದಲು ಬರುವುದಿಲ್ಲ. ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿ, ಹಾಳೆಯ ಮೇಲೆ ಕೈಯಾಡಿಸಿದಳು.

"ಮುಕ್ಕ ಅಂತ ಬರದೀಯಿಲ್ಲೋ?"

ಬರೆದಿದ್ದೆ. 23ನೇ ಪುಟದಲ್ಲಿ.